ನಮ್ಮ ಭಾವನ ಸ್ಕೀ ಊರು

ಒಮಾನಿನಲ್ಲಿ ಹಿಮ ಬೀಳುವುದಿಲ್ಲ ಎಂಬುದು ಇಲ್ಲಿಯ ಒಂಟೆಗಳಿಗೂ ಗೊತ್ತು. ನಮ್ಮ ಭಾವನಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ! ಭಾವ ಎಂದರೆ ನನ್ನ ಗಂಡನ ಅಣ್ಣ. ಹುಟ್ಟಿದ್ದು ಬಾಗಲಕೋಟೆ ಕಡೆ, ವಾಸ ಮಸ್ಕತ್ತಿನ ದಾರ್ಸೈಟ್‌ನಲ್ಲಿ, ಕೆಲಸ ವಾದಿ ಅದಾಯ್‌ನ ಒಂದು ಪಂಪುಗಳ ಶೋರೂಮಿನಲ್ಲಿ. ಅರವತ್ತರ ಹತ್ತಿರದ ವಯಸ್ಸು, ತಲೆಯ ಮೇಲೆ ಕೂದಲು ಕಡಿಮೆ, ಅದರ ಲೆಕ್ಕ ಹೊಟ್ಟೆಯಲ್ಲಿ ಸರಿಹೋಗಿದೆ. ಇಷ್ಟು ಕೇಳಿದರೆ ಒಬ್ಬ ಸಭ್ಯ ಗೃಹಸ್ಥರ ಚಿತ್ರ ನಿಮ್ಮ ಕಣ್ಣಮುಂದೆ ಬರುತ್ತದಲ್ಲ? ಆ ಗೃಹಸ್ಥರ ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿ, ಕೈಗೆ ಎರಡು ಕೋಲು ಕೊಟ್ಟು, ಮರಳಿನ ಮೇಲೆ ನಿಲ್ಲಿಸಿ. ಅವರೇ ನಮ್ಮ ಭಾವ. ಇವರು ನಿಮಗೆ ಗೊತ್ತಾ ಎಂದು ಯಾರಾದರೂ ಕೇಳಿದರೆ ನಾನು ಬೇರೆ ಕಡೆ ನೋಡುತ್ತೇನೆ.

ಹಿಮ ಇಲ್ಲವಲ್ಲ ಎಂದರೆ ಅವರ ಬಳಿ ಉತ್ತರ ಸಿದ್ಧವಾಗಿದೆ. ಜಬಲ್ ಶಮ್ಸ್ ಬೆಟ್ಟದ ನೆತ್ತಿಯ ಮೇಲೆ ಎಂದೋ ಒಂದು ಚಳಿಗಾಲದಲ್ಲಿ ಬಿಳಿ ಪುಡಿ ಬಿದ್ದಿತ್ತಂತೆ. ಅದರ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾರೆ. ಯಾರೋ ಅವಸರದಲ್ಲಿ ರವೆ ಚೆಲ್ಲಿ ಹೋದಂತಿದೆ. ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ತೋರಿಸುತ್ತಾರೆ. ಅಷ್ಟು ಹಿಗ್ಗಿಸಿದರೆ ನನ್ನ ಅಡುಗೆಮನೆಯ ಉಪ್ಪಿನ ಡಬ್ಬಿಯೂ ಹಿಮಾಲಯವೇ!

ಸ್ಕೀಯಿಂಗ್ ಎಂದರೆ ಬೆಟ್ಟದ ಮೇಲಿಂದ ಜಾರುವುದು ಎಂದು ನಾನೂ ನಿಮ್ಮಂತೆಯೇ ತಿಳಿದಿದ್ದೆ. ಜಾರುವುದಾದರೂ ಅರ್ಥವಾಗುತ್ತದೆ. ಅದರಲ್ಲೊಂದು ಮಜಾ ಇದೆ, ಹೇಗೋ ಕೆಳಗೆ ತಲುಪುವ ಖಾತರಿಯಂತೂ ಇದೆ. ನಮ್ಮ ಭಾವನದು ಆ ಜಾತಿಯಲ್ಲ. ಇವರದು ಕ್ರಾಸ್-ಕಂಟ್ರಿ ಸ್ಕೀಯಿಂಗ್. ಅಂದರೆ ಸಪಾಟು ನೆಲದ ಮೇಲೆ, ತಮಗಿಂತ ಉದ್ದದ ಹಲಗೆಗಳನ್ನು ಕಾಲಿಗೆ ಬಿಗಿದುಕೊಂಡು, ಕೋಲು ಊರುತ್ತ, ಏದುಸಿರು ಬಿಡುತ್ತ ಮೈಲಿಗಟ್ಟಲೆ ಹೋಗುವುದು. ಅದೂ ಸುಮ್ಮನೆ ನಡೆದುಕೊಂಡೇ ಹೋಗಬಹುದಾದ ಜಾಗಕ್ಕೆ! ದೇವರು ಎರಡು ಕಾಲು ಕೊಟ್ಟು ಸುಲಭ ಮಾಡಿದ್ದನ್ನು ಶ್ರಮಪಟ್ಟು ಕಷ್ಟ ಮಾಡಿಕೊಳ್ಳುವ ವಿದ್ಯೆಗೆ ಆ ಹೆಸರು.

ಈ ಹುಚ್ಚಿನ ಬೇರು ಒಂದು ತಾಮ್ರದ ಗಣಿಯಲ್ಲಿದೆ. ಸೋಹಾರ್‌ನಿಂದ ಒಳನಾಡಿಗೆ, ಕಪ್ಪು ಬೋಳು ಬೆಟ್ಟಗಳ ನಡುವೆ ಹಿಂದೆ ಒಂದು ಗಣಿ ನಡೆಯುತ್ತಿತ್ತು. ಭಾವ ಅಲ್ಲಿ ಸರ್ವೇಯರ್ ಆಗಿದ್ದರು. ಗಣಿಗೊಂದು ಕಾಲೊನಿ, ಕಾಲೊನಿಗೊಂದು ಕ್ಯಾಂಟೀನು, ಮೂರು ಬೀದಿ ಕ್ವಾರ್ಟರ್ಸು. ವೈನಿ, ಅಂದರೆ ಭಾವನ ಹೆಂಡತಿ, ಮದುವೆಯಾಗಿ ಬಂದಿಳಿದದ್ದೇ ಅಲ್ಲಿಗೆ. ಆ ಕಾಲದಲ್ಲಿ ಕಂಪನಿ ಭಾವನನ್ನು ತರಬೇತಿಗೆಂದು ಉತ್ತರದ ಯಾವುದೋ ಚಳಿದೇಶಕ್ಕೆ ಕಳಿಸಿತು. ಆ ಊರಿನ ಹೆಸರು ಹೇಳಹೋದರೆ ನನ್ನ ನಾಲಿಗೆ ಗಂಟು ಬೀಳುತ್ತದೆ. ಅಲ್ಲೂ ಒಂದು ಗಣಿ ಇತ್ತಂತೆ, ಅದು ಮುಚ್ಚಿತ್ತಂತೆ, ಆದರೆ ಊರಿನವರು ಊರು ಬಿಡದೆ ಅದನ್ನೇ ಸ್ಕೀ ತಾಣ ಮಾಡಿಕೊಂಡಿದ್ದರಂತೆ. ಗಣಿಯವರು ಸ್ನಾನ ಮಾಡುತ್ತಿದ್ದ ಮನೆಯಲ್ಲಿ ಬಿಸಿ ಸೂಪು, ದೀಪ ಇಡುತ್ತಿದ್ದ ಕೋಣೆಯಲ್ಲಿ ಬಾಡಿಗೆಗೆ ಹಲಗೆ, ಅದಿರಿನ ಗಾಡಿ ಓಡುತ್ತಿದ್ದ ದಾರಿಯಲ್ಲಿ ಮುದುಕರು, ಮಕ್ಕಳು, ಬಸುರಿ ಹೆಂಗಸರು ಎಲ್ಲರೂ ಹಲಗೆ ಕಟ್ಟಿಕೊಂಡು ಸುಯ್ ಸುಯ್ ಎಂದು ಓಡಾಡುತ್ತಿದ್ದರಂತೆ. ಎಲ್ಲ ಅಂತೆ. ಬಸುರಿಯರ ವಿಷಯ ಮೊದಲಿಗೆ ಇರಲಿಲ್ಲ, ಈಚೆಗೆ ಸೇರಿದೆ.

ಕೆಲವು ವರ್ಷಕ್ಕೆ ನಮ್ಮ ಕಡೆಯ ಗಣಿಯೂ ಮುಚ್ಚಿತು. ಜನ ಖಾಲಿಯಾದರು. ಒಂದು ದೊಡ್ಡ ಮಳೆಗೆ ವಾದಿ, ಅಂದರೆ ಬೆಟ್ಟದ ಒಣಹಳ್ಳ, ತುಂಬಿ ಹರಿದು, ಆ ಕಾಲೊನಿಯ ಬೀದಿಗಳ ತುಂಬ ನುಣ್ಣನೆಯ ಮರಳು ಬಿಟ್ಟುಹೋಯಿತು. ಭಾವ ಮಸ್ಕತ್ತಿಗೆ ಬಂದು ಪಂಪು ಮಾರತೊಡಗಿದರು. ಆದರೆ ಬಾಯಲ್ಲಿ ಒಂದೇ ಹಾಡು. ಅಲ್ಲಿ ಗಣಿ ಮುಚ್ಚಿದರೂ ಊರು ಉಳಿಯಿತು, ಇಲ್ಲಿ ಯಾಕೆ ಉಳಿಯಬಾರದು? ಮರಳೂ ಜಾರುತ್ತದೆ, ಹಿಮವೂ ಜಾರುತ್ತದೆ, ಬಣ್ಣ ಒಂದು ಬೇರೆ. ಈ ಪ್ರಶ್ನೆಯನ್ನು ಅವರು ಕೇಳದೆ ಬಿಟ್ಟ ಮನುಷ್ಯ ಒಮಾನಿನಲ್ಲಿಲ್ಲ. ಒಂದು ಮದುವೆಯಲ್ಲಿ ಹೋಳಿಗೆ ಬಡಿಸುತ್ತಿದ್ದವನನ್ನು ನಿಲ್ಲಿಸಿಕೊಂಡು ಕೇಳಿದರು. ಆ ಪಂಕ್ತಿಯ ಕೊನೆಯವರಿಗೆ ಹೋಳಿಗೆ ಸಿಗಲಿಲ್ಲ.

ಬಾಯಿಮಾತಿನಲ್ಲಿದ್ದಷ್ಟು ದಿನ ಸಹಿಸಿಕೊಂಡೆವು. ಹಲಗೆ ಬಂದದ್ದು ನನ್ನ ಗ್ರಹಚಾರಕ್ಕೆ ನಮ್ಮ ಬೀದಿಯಿಂದಲೇ. ನಾವಿರುವ ಅಲ್ ಅಜೈಬಾದಲ್ಲಿ ಪಕ್ಕದ ವಿಲ್ಲಾದ ಬಿಳಿಯ ಸಂಸಾರ ದೇಶ ಬಿಟ್ಟು ಹೊರಟಿತ್ತು, ಬೇಡದ ಸಾಮಾನನ್ನೆಲ್ಲ ಅಂಗಳದಲ್ಲಿಟ್ಟು ಬೇಕಾದವರು ಒಯ್ಯಿರಿ ಎಂದಿತ್ತು. ಜನ ಫ್ರಿಜ್ ಹೊತ್ತರು, ಸೋಫಾ ಹೊತ್ತರು. ನನ್ನ ಗಂಡ ಸಂಕೋಚದ ಪ್ರಾಣಿ, ಅವರೂ ಒಂದು ರೈಸ್ ಕುಕ್ಕರ್ ಹಿಡಿದು ಬಂದರು. ಚಹಾಕ್ಕೆಂದು ನಮ್ಮಲ್ಲಿಗೆ ಬಂದಿದ್ದ ಭಾವ ಮಾತ್ರ ಮೂಲೆಯಲ್ಲಿದ್ದ ಆ ಹಲಗೆಗಳನ್ನು ಕಂಡು, ಕಳೆದುಹೋದ ಎತ್ತು ಸಿಕ್ಕವರಂತೆ ಕೂಗಿಬಿಟ್ಟರು. ಮನೆಯೊಡತಿಗೆ ಆಶ್ಚರ್ಯವೋ ಆಶ್ಚರ್ಯ. ಈ ಮರುಭೂಮಿಯಲ್ಲಿ ಇವನ್ನು ಗುರುತು ಹಿಡಿಯುವ ಒಬ್ಬ ಪುಣ್ಯಾತ್ಮ ಸಿಕ್ಕನಲ್ಲ ಎಂದು ಅಪ್ಪಿಕೊಂಡೇ ಬಿಟ್ಟಳು. ಕಸದವನು ಒಯ್ಯಲು ಒಪ್ಪಿರಲಿಲ್ಲ ಎಂದು ಆಮೇಲೆ ತಿಳಿಯಿತು.

ದಾರ್ಸೈಟ್‌ನ ಆ ಪುಟ್ಟ ಫ್ಲ್ಯಾಟಿನಲ್ಲಿ ಹಲಗೆಗಳಿಗೆ ನೆಟ್ಟಗೆ ನಿಲ್ಲಲು ಜಾಗವಿಲ್ಲ. ಹಾಲಿನಲ್ಲಿ ಮೂಲೆಯಿಂದ ಮೂಲೆಗೆ ಅಡ್ಡ ಮಲಗಿಸಿದರು. ಬಂದವರು ದಾಟಿಕೊಂಡು ಹೋಗಬೇಕು. ಇದರಲ್ಲಿ ನನಗೆ ನಗು ಬರಲಿಲ್ಲ, ಮೈ ಉರಿಯಿತು. ಯಾಕೆಂದರೆ ಆ ಮನೆಯಲ್ಲಿ ಹಲಗೆಯಿರಲಿ, ಬರಿಯ ನೆಲವನ್ನೇ ದಾಟಲಾರದ ಒಬ್ಬರಿದ್ದಾರೆ.

ವೈನಿಗೆ ನರದ ಕಾಯಿಲೆ. ಸುಮ್ಮನೆ ಕೂತಾಗಲೂ ಬಲಗೈ ಬೆರಳು ನಡುಗುತ್ತವೆ. ಅದಾದರೂ ಹೋಗಲಿ ಎಂದರೆ ಕಾಲು ಮೋಸ ಮಾಡುತ್ತದೆ. ನಡೆಯುತ್ತ ನಡೆಯುತ್ತ ಬಾಗಿಲ ಬಳಿ ಬಂದೊಡನೆ ಪಾದ ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಮುಂದೆ ಹೋಗುವ ಮನಸ್ಸಿದೆ, ಕಾಲಲ್ಲಿ ಬಲವೂ ಇದೆ, ಹೆಜ್ಜೆ ಮಾತ್ರ ಏಳುವುದಿಲ್ಲ. ಡಾಕ್ಟರು ಮಾತ್ರೆ ಕೊಟ್ಟು, ದಿನವೂ ನಡೆಸಿ, ಕೂತರೆ ಕೂತೇ ಬಿಡುತ್ತಾರೆ ಎಂದಿದ್ದರು. ಒಮ್ಮೆ ಲಿಫ್ಟಿನ ಬಾಗಿಲಲ್ಲಿ ಕಾಲು ಅಂಟಿಕೊಂಡಿತು. ಬಾಗಿಲು ಬಂದು ಭುಜಕ್ಕೆ ಬಡಿಯಿತು, ಒಳಗಿದ್ದವರೆಲ್ಲ ನೋಡುತ್ತ ನಿಂತರು. ಅವತ್ತಿನಿಂದ ವೈನಿ ಕೂತೇ ಬಿಟ್ಟರು. ಹತ್ತಿರದ ಕೃಷ್ಣನ ಗುಡಿಗೂ ಇಲ್ಲ, ಕೆಳಗಿನ ಅಂಗಡಿಗೂ ಇಲ್ಲ. ಕಿಟಕಿಯ ಪಕ್ಕದ ಕುರ್ಚಿಯೇ ಅವರ ಊರಾಯಿತು.

ಹೀಗೇ ಎಷ್ಟು ದಿನ? ಬೇಸಿಗೆ ಶುರುವಾಗುವ ಮೊದಲು ವೈನಿಯನ್ನು ಊರಿಗೆ, ಅವರ ತಮ್ಮನ ಮನೆಗೆ ಕಳಿಸಿಬಿಡುವುದು ಎಂದು ಮಾತಾಯಿತು. ಭಾವ ಕೆಲಸಕ್ಕೆ ಹೋದರೆ ಇಲ್ಲಿ ಹಗಲೆಲ್ಲ ನೋಡಿಕೊಳ್ಳುವವರು ಯಾರು? ನಾನು ಶುಕ್ರವಾರ ಬಂದು ತಲೆ ಬಾಚಿ ಹೆರಳು ಹಾಕಿ ಹೋಗಬಲ್ಲೆ, ಅಷ್ಟೆ. ಊರಿನಲ್ಲಾದರೆ ಜನ ಇದ್ದಾರೆ. ಈ ಮಾತನ್ನು ಗಟ್ಟಿಯಾಗಿ ಆಡಿದವಳು ನಾನೇ, ಈಗಲೂ ಆಡುತ್ತೇನೆ, ಅದರಲ್ಲಿ ತಪ್ಪೇನಿತ್ತು? ಮದುವೆಯಾದಾಗಿನಿಂದ ಗಂಡನನ್ನು ಬಿಟ್ಟು ಇರದ ವೈನಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದರು.

"ಕಳಸ್ರಿ. ಅಲ್ಲೂ ಒಂದು ಕುರ್ಚಿ ಇರ್ತೈತಿ."

ಟಿಕೆಟ್ ತೆಗೆದದ್ದಾಯಿತು. ಈಗ ನೀವೇ ಹೇಳಿ, ಹೆಂಡತಿ ಹೀಗೆ ಊರಿಗೆ ಹೊರಟು ಕೂತಿರುವಾಗ ಗಂಡನಾದವನು ಏನು ಮಾಡಬೇಕು? ಪಕ್ಕದಲ್ಲಿ ಕೂತು ನಾಲ್ಕು ಮಾತಾಡಬೇಕು, ಕೈ ಹಿಡಿದು ಎರಡು ಹೆಜ್ಜೆ ನಡೆಸಬೇಕು. ನಮ್ಮ ಮಹಾನುಭಾವರು ಏನು ಮಾಡಿದರು? ಹಲಗೆಗೆ ಎಣ್ಣೆ ಹಚ್ಚಲು ಕೂತರು!

ಆ ಚಳಿದೇಶದಲ್ಲಿ ಹಲಗೆಯ ತಳಕ್ಕೆ ಮೇಣ ತಿಕ್ಕುತ್ತಾರಂತೆ. ಇವರು ಮೊದಲು ಮೇಣದಬತ್ತಿ ತಿಕ್ಕಿದರು. ಮರಳು ಅಂಟಿತು. ಕೊಬ್ಬರಿ ಎಣ್ಣೆ ಹಚ್ಚಿದರು. ಇನ್ನಷ್ಟು ಅಂಟಿತು. ಕೊನೆಗೆ ನಾನು ಊರಿನಿಂದ ತಂದುಕೊಟ್ಟಿದ್ದ ಗಾಣದ ಕುಸುಬಿ ಎಣ್ಣೆಗೆ ಕೈ ಹಾಕಿದರು. ಒಂದು ಶುಕ್ರವಾರ ನಾನು ಹೋದಾಗ ಕಟ್ಟಡದ ಉದ್ದನೆಯ ಕಾರಿಡಾರಿನಲ್ಲಿ ಹಲಗೆ ಕಟ್ಟಿಕೊಂಡು ಅಭ್ಯಾಸ ನಡೆದಿತ್ತು. ಆ ಟೈಲ್ಸಿನ ಮೇಲೆ ಕುಸುಬಿ ಎಣ್ಣೆ ಕೆಲಸ ಮಾಡಿತು, ನಿಲ್ಲಿಸುವುದು ಹೇಗೆ ಎಂಬುದನ್ನು ಅವರು ಇನ್ನೂ ಕಲಿತಿರಲಿಲ್ಲ. ಕೊನೆಯ ಮನೆಯ ಮಲಯಾಳಿ ಟೀಚರು ಹಾಲಿನವನೆಂದು ಬಾಗಿಲು ತೆರೆದರು. ಭಾವ ಅವರ ದೇವರಕೋಣೆಯ ತನಕ ಹೋಗಿ ನಿಂತರಂತೆ. ಬಂದವರೇ ಕೈಮುಗಿದು ಹೊರಟರು, ಭಕ್ತರೆಂದು ತಿಳಿದು ಟೀಚರು ಪ್ರಸಾದ ಕೊಟ್ಟು ಕಳಿಸಿದರು.

ಅದಾದ ಮೇಲೆ ಬಯಲಿಗೆ ಬಡ್ತಿ. ನಮ್ಮ ಅಜೈಬಾದ ಸಮುದ್ರದಂಡೆಗೆ ಬೆಳಗಾಗುತ್ತಲೇ ಬರತೊಡಗಿದರು. ಅಲ್ಲಿ ವಾಕಿಂಗ್ ಬರುವವರಲ್ಲಿ ಅರ್ಧ ಜನ ನನಗೆ ಪರಿಚಯದವರು. ತಲೆಯ ಮೇಲೆ ದುಪ್ಪಟ್ಟಾ ಎಳೆದುಕೊಂಡು ನಾನು ದಾರಿ ಬದಲಿಸಿದೆ. ಒದ್ದೆ ಮರಳಿನ ಮೇಲೆ ಹಲಗೆ ಚೆನ್ನಾಗಿ ಸರಿಯುತ್ತದೆ ಎಂದು ಕಂಡುಹಿಡಿದ ನಮ್ಮ ವೀರರು ಇನ್ನೂ ಒದ್ದೆ, ಇನ್ನೂ ಒದ್ದೆ ಎಂದು ಹುಡುಕುತ್ತ ನೀರಿನ ತನಕ ಹೋದರು. ಉಬ್ಬರ ಬಂತು. ಕಾಲಿನ ಬಿಗಿ ಬಿಚ್ಚಲು ಬಗ್ಗಬೇಕು, ಬಗ್ಗಲು ಹೊಟ್ಟೆ ಬಿಡುವುದಿಲ್ಲ. ಬಲೆ ಎಳೆಯುತ್ತಿದ್ದ ಬೆಸ್ತರು ಯಲ್ಲಾ ಯಲ್ಲಾ ಎನ್ನುತ್ತ ಕೋಲು ಸಮೇತ ಎಳೆದು ದಡಕ್ಕೆ ಹಾಕಿದರು. ಬಲೆಯಲ್ಲಿ ಬಿದ್ದ ಮೀನು ಸುಮ್ಮನಾದರೂ ಇರುತ್ತದೆ, ಇವರು ಆಗಲೂ ಅವರಿಗೆ ಸ್ಕೀ ಊರಿನ ಕಥೆ ಹೇಳುತ್ತಿದ್ದರು.

ಕನ್ನಡಿಗರ ರಾಜ್ಯೋತ್ಸವವನ್ನಾದರೂ ಬಿಟ್ಟರೇ? ಹಿರಿಯರು, ನಾಡುನುಡಿಯ ಬಗ್ಗೆ ಎರಡು ಮಾತಾಡಲಿ ಎಂದು ಮೈಕು ಕೊಟ್ಟರು. ಇವರು ಪೆನ್‌ಡ್ರೈವ್ ತೆಗೆದರು. ಪರದೆಯ ಮೇಲೆ ಹಿಮ, ಹಲಗೆ, ಗಣಿಯ ಗಾಲಿ. ಊಟದ ಸಾಲಿನಲ್ಲಿ ಮಂಗಳೂರಿನ ಹೆಂಗಸೊಬ್ಬರು ನನ್ನ ಬಳಿ ಬಂದು, "ನಿಮ್ಮ ಭಾವ ಅಲ್ವಾ ಮಾರಾಯ್ರೆ? ಪಾಪ, ಹೆಂಡತಿಗೆ ಹುಷಾರಿಲ್ಲದ ಮೇಲೆ ತಲೆಗೆ ಹೋಗಿದ್ದಾ?" ಎಂದರು. ಅದಕ್ಕೂ ಮೊದಲೇ ಹೋಗಿತ್ತು ಎಂದು ನಾನು ಹೇಳಿದೆ.

ಭಾವನ ಮನೆಗೆ ಬಂದು ಜಗಳ ತೆಗೆದೆ. ನಮ್ಮಲ್ಲಿ ಭಾವನೆದುರು ದನಿ ಎತ್ತುವ ಪದ್ಧತಿಯಿಲ್ಲ. ಅವತ್ತು ಎತ್ತಿದೆ.

"ಭಾವಾರ, ವೈನಿ ಹೊಸ್ತಿಲ ದಾಟಲಾರದ ಕುಂತಾರ. ನೀವು ಹಲಗಿ ಕಟಗೊಂಡು ಕುಣಿಯಾಕತ್ತೀರಿ. ನಿಮಗ ಏನರ ಅನಸ್ತೈತೋ ಇಲ್ಲೋ?"

ಅವರು ಹಲಗೆ ಒರೆಸುತ್ತಲೇ ಇದ್ದರು. ಆಮೇಲೆ ತಲೆಯೆತ್ತಿ, ಊರಿಗೆ ಹೋಗುವ ಮೊದಲು ಇವಳನ್ನು ಒಮ್ಮೆ ಗಣಿಯೂರಿಗೆ ಕರೆದೊಯ್ಯಬೇಕು, ನೀವೆಲ್ಲ ಬರಬೇಕು, ಅವತ್ತೇ ಸ್ಕೀ ಹಾದಿಯ ಉದ್ಘಾಟನೆ ಎಂದರು. ನಾನು ಕೇಳಿದ್ದೇನು, ಇವರು ಹೇಳಿದ್ದೇನು! ನನ್ನ ಗಂಡ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು. ವೈನಿ ಕುರ್ಚಿಯಿಂದ, ಹೋಗೋಣ ಬಿಡು, ಇನ್ನೊಮ್ಮೆ ಇವರು ಕರೆಯುವುದು ಯಾವಾಗ ಎಂದರು. ಆ ಮಾತಿಗೆ ನಾನೇ ಬುತ್ತಿಯ ಲೆಕ್ಕ ಹಾಕತೊಡಗಿದೆ.

ಉದ್ಘಾಟನೆಗೆ ಹಾದಿ ಬೇಕಲ್ಲ! ಈ ಸ್ಕೀಯಿಂಗಿಗೆ ನೆಲದಲ್ಲಿ ಎರಡು ಸಾಲು ಬೇಕು, ಎಡ ಹಲಗೆಗೊಂದು, ಬಲ ಹಲಗೆಗೊಂದು. ಆ ದೇಶದಲ್ಲಿ ಅದನ್ನು ಮಾಡಲು ದೊಡ್ಡ ಯಂತ್ರವಿದೆ. ಭಾವ ತಲೆ ಕೆರೆದುಕೊಂಡರು. ಒಂದೇ ಅಂತರದಲ್ಲಿ ಎರಡು ನೇರ ಸಾಲು ಹೊಡೆಯುವ ಯಂತ್ರ ಬಾಗಲಕೋಟೆ ಕಡೆಯ ಮನುಷ್ಯನಿಗೆ ಗೊತ್ತಿರುವುದು ಒಂದೇ. ಬಿತ್ತುವ ಕೂರಿಗೆ! ವಾದಿ ಅದಾಯ್‌ನ ವೆಲ್ಡಿಂಗ್ ಅಂಗಡಿಗೆ ಹೋಗಿ, ಅಲ್ಲಿಯ ಪಠಾಣನಿಗೆ ಸಾಲು ಕೊರೆಯುವ ಎರಡು ತಾಳಿನ ಕಬ್ಬಿಣದ ಕೂರಿಗೆ ಮಾಡಿಕೊಡು ಎಂದು ನೆಲದ ಮೇಲೆ ಚಿತ್ರ ಬರೆದು ತೋರಿಸಿದರು. ಅವನದೂ ಒಕ್ಕಲುತನದ ಮನೆಯಂತೆ, ಕೂಡಲೇ ತಿಳಿಯಿತು. ಏನು ಬೆಳೆ ಸಾಹೇಬರೆ ಎಂದು ಕೇಳಿದ. ಸ್ಕೀ ಎಂದರು ಭಾವ. ಪಠಾಣ ಬಹಳ ಹೊತ್ತು ಯೋಚಿಸಿ, ಅದಕ್ಕೆ ನೀರು ಎಷ್ಟು ಬೇಕಾಗುತ್ತದೆ ಎಂದು ಕೇಳಿದನಂತೆ.

ಜನವರಿಯ ಒಂದು ಶುಕ್ರವಾರ ಹೊರಟೆವು. ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಆಮಂತ್ರಣ ಹೋಗಿತ್ತು. ಹೆಬ್ಬೆರಳುಗಳು ಬಂದವು, ಕೈಮುಗಿದ ಚಿತ್ರಗಳು ಬಂದವು, ಹೂಗುಚ್ಛ ಬಂತು. ಮನುಷ್ಯರು ಯಾರೂ ಬರಲಿಲ್ಲ. ಭಾವನ ಹಳೆಯ ಕಾರಿನ ಕಿಟಕಿಯಿಂದ ಹಲಗೆಗಳು ಹೊರಗೆ ಚಾಚಿಕೊಂಡಿದ್ದವು, ತಲೆಯ ಮೇಲೆ ಕೂರಿಗೆ. ಹಿಂದಿನ ಕಾರಿನಲ್ಲಿ ನಾವು ಮೂವರು, ನಾನು, ನನ್ನ ಗಂಡ, ಹೈಸ್ಕೂಲಿನ ಮಗಳು. ಜೊತೆಗೆ ವೈನಿ. ಅವರನ್ನು ಮನೆಯಿಂದ ಕಾರಿಗೆ ಮುಟ್ಟಿಸುವುದಕ್ಕೇ ಬೆಳಗಿನ ಅರ್ಧ ಹೋಯಿತು. ಲಿಫ್ಟಿನ ಎದುರು ಕಾಲು ಅಂಟಿದಾಗ ನನ್ನ ಗಂಡ ಎತ್ತಿಕೊಂಡೇ ದಾಟಿಸಿದರು. ವೈನಿ ಕಣ್ಣು ಮುಚ್ಚಿಕೊಂಡಿದ್ದರು.

ಗಣಿಯೂರು ಎಂದರೆ ಏನಿದೆ ಅಲ್ಲಿ? ತುಕ್ಕು ಹಿಡಿದ ಒಂದು ಗೇಟು, ಮಾಡು ಹಾರಿಹೋದ ಶೆಡ್ಡು, ಹೊಸ್ತಿಲ ಮಟ್ಟಕ್ಕೆ ಮರಳು ಏರಿದ ಕ್ವಾರ್ಟರ್ಸಿನ ಸಾಲು. ಗೇಟಿನ ಬಳಿ ಆಡುಗಳೊಡನೆ ಒಬ್ಬ ವೃದ್ಧ ಒಮಾನಿ ಕಾವಲುಗಾರ. ಅವರಿಗೆ ಭಾವ ಹಳೆಯ ಪರಿಚಯ. ಎದೆಗೆ ಕೈಯಿಟ್ಟು ನಮಸ್ಕರಿಸಿ ಖರ್ಜೂರ, ಅರಬ್ಬರ ಕಾಫಿ ಕಾವಾ ಕೊಟ್ಟರು. ಕೂರಿಗೆಯನ್ನೂ ಹಲಗೆಯನ್ನೂ ನೋಡಿ ಏನು ಸಮಾಚಾರ ಎಂದು ಕೇಳಿದರು. ಭಾವ ಅರಬ್ಬಿ, ಹಿಂದಿ, ಕೈಸನ್ನೆ ಎಲ್ಲವನ್ನೂ ಕಲಸಿ ಸ್ಕೀ ಊರಿನ ಕಥೆ ಹೇಳಿದರು. ಮುದುಕರು ಗಂಭೀರವಾಗಿ ಕೇಳಿದರು. ಮುಗಿದ ಮೇಲೆ ನನ್ನತ್ತ ತಿರುಗಿ ತಲೆಯ ಬಳಿ ಕೈ ಆಡಿಸಿ, "ಖಲಾಸ್?" ಎಂದು ಮೆಲ್ಲಗೆ ವಿಚಾರಿಸಿದರು. ಹೌದೆಂದು ತಲೆಯಾಡಿಸಿದೆ.

ಮರಳಿನ ಮೇಲೆ ಕಾರು ಹೋಗುವುದಿಲ್ಲ. ಗೇಟಿನ ಪಕ್ಕದ ಗಾಫ್ ಮರದ ನೆರಳಿನಲ್ಲಿ ಕುರ್ಚಿ ಹಾಕಿ ವೈನಿಯನ್ನು ಕೂರಿಸಿದೆ. ಭಾವ ಆ ಕುರ್ಚಿಯನ್ನು ನೋಡಿದರು, ದೂರದ ಮನೆಗಳ ಸಾಲನ್ನು ನೋಡಿದರು.

"ಇಲ್ಲೇ ಕೂಡಿಸಿದೇನು?" ಎಂದರು.

ಇನ್ನೆಲ್ಲಿ, ಚಂದ್ರಲೋಕದಲ್ಲಿ ಕೂರಿಸಲೇ? ಹಾಗಂತ ಕೇಳಿಯೂ ಕೇಳಿದೆ. ಅವರು ದಾರ ಹಿಡಿದು ಅಳತೆಗೆ ಹೊರಟರು.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಕೂರಿಗೆ ಎಳೆಯಲು ಎತ್ತುಗಳು ಬೇಕಲ್ಲ? ಅಣ್ಣತಮ್ಮಂದಿರಿಬ್ಬರೂ ಹೆಗಲು ಕೊಟ್ಟರು. ಎಡಕ್ಕೆ ಪಂಪು ಮಾರುವ ಎತ್ತು, ಬಲಕ್ಕೆ ಬ್ಯಾಂಕಿನಲ್ಲಿ ದುಡಿಯುವ ಎತ್ತು. ಹಿಂದೆ ಕೂರಿಗೆ ಒತ್ತಿ ಹಿಡಿದವಳು, ಬೇರೆ ಗತಿಯಿಲ್ಲದೆ, ನಾನು! ಹಿಂದಿನ ದಿನ ಮಳೆಯಾಗಿದ್ದರಿಂದ ಮರಳು ಹಸಿಯಾಗಿತ್ತು, ಸಾಲು ಚೊಕ್ಕಟವಾಗಿ ಬಿತ್ತು. ಗೇಟಿನಿಂದ ಹೊರಟು ಬೀದಿಯ ಕೊನೆಯ ಕ್ವಾರ್ಟರ್ಸಿನ ಬಾಗಿಲ ತನಕ ಎರಡು ನೇರ ಗೆರೆ. ಭಾವ ಒಂದು ಕಾಲಕ್ಕೆ ಸರ್ವೇಯರ್ ಆಗಿದ್ದರು ಎಂಬುದಕ್ಕೆ ಅದೊಂದು ಸಾಕ್ಷಿ ಉಳಿದಿತ್ತು. ಆಡುಗಳು ದಂಡೆಗೆ ನಿಂತು ನೋಡಿದವು. ಮಗಳು ವಿಡಿಯೊ ಮಾಡುತ್ತ, "ಮಮ್ಮಿ, ದಿಸ್ ಈಸ್ ಸೋ ಎಂಬ್ಯಾರಸಿಂಗ್," ಎಂದಳು. ನನಗೆ ಗೊತ್ತಿಲ್ಲವೇ?

ಆಮೇಲೆ ಭಾವ ಹಲಗೆ ಬಿಗಿದುಕೊಂಡರು. ತೆಂಗಿನಕಾಯಿ ಒಡೆದರು. ಕೋಲು ಊರಿ ಹೊರಟರು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ದೂರ ಸರಿದರು. ಸುಯ್ ಎಂಬ ಸದ್ದೂ ಬಂತು. ನಡುಬೀದಿಗೆ ಬರುವಷ್ಟರಲ್ಲಿ ಎಡಗಾಲಿನ ಹಲಗೆಗೆ ಹೊರಗಿನ ಜಗತ್ತು ನೋಡುವ ಆಸೆಯಾಯಿತು. ಅದು ಸಾಲು ಬಿಟ್ಟಿತು, ಬಲಗಾಲು ಬಿಡಲಿಲ್ಲ, ಒಡೆಯರು ದೊಪ್ಪೆಂದು ಪಕ್ಕಕ್ಕೆ ಬಿದ್ದರು. ಹಲಗೆಗಳು ಮೇಲೆ, ಭಾವ ಕೆಳಗೆ. ನಾವು ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಹಿಂದಿನಿಂದ ಇನ್ನೊಂದು ನಗು ಕೇಳಿಸಿತು. ವೈನಿಯದು. ಅದನ್ನು ಕೇಳಿ ಎಷ್ಟು ತಿಂಗಳಾಗಿತ್ತೋ!

ತಿರುಗಿ ನೋಡಿದರೆ ವೈನಿ ಕುರ್ಚಿಯ ಕೈ ಹಿಡಿದು ಎದ್ದು ನಿಂತಿದ್ದಾರೆ. ಚಪ್ಪಲಿ ತೆಗೆ ಎಂದರು. ತೆಗೆದೆ. ಅವರ ಕಣ್ಣು ಆ ಸಾಲುಗಳ ಮೇಲೆ. ನಾನು ತೋಳು ಹಿಡಿದುಕೊಂಡೆ. ವೈನಿ ಬಿಡಿಸಿಕೊಂಡರು.

"ಬಿಡ ಕೈ. ಕೂರಿಗಿ ಹಿಂದ ಯಾರರ ಕೈ ಹಿಡಕೊಂಡು ನಡೀತಾರೇನು?"

ನಮ್ಮ ಕಡೆ ಬಿತ್ತನೆಯಲ್ಲಿ ಗಂಡಸರು ಕೂರಿಗೆ ಹೊಡೆದರೆ ಹೆಂಗಸರು ಹಿಂದೆ ಹಿಂದೆ ಸಾಲಿನಲ್ಲೇ ನಡೆಯುತ್ತ ಅಕ್ಕಡಿ ಬೀಜ, ಅಂದರೆ ನಡುವಿನ ಮಿಶ್ರಬೆಳೆಯ ಬೀಜ, ಮುಷ್ಟಿಯಿಂದ ಬಿಡುತ್ತ ಹೋಗುತ್ತಾರೆ. ತವರಿನ ಹೊಲದಲ್ಲಿ ವೈನಿ ಲಂಗದ ವಯಸ್ಸಿನಿಂದ ಆ ಕೆಲಸ ಮಾಡಿದವರು. ಬರಿಗಾಲನ್ನು ಎಡ ಸಾಲಿನಲ್ಲಿಟ್ಟರು. ಬಲಗಾಲು ಎಂದಿನಂತೆ ಅಂಟಿಕೊಂಡಿತು. ಹಿಡಿಯಲು ನಾನು ಕೈ ಚಾಚಿದೆ. ವೈನಿ ಕಾಲನ್ನು ನೋಡಲಿಲ್ಲ, ಮುಂದಿನ ಸಾಲನ್ನು ನೋಡಿದರು. ಬಲಗಾಲು ಎದ್ದಿತು. ಎದ್ದು ಬಲ ಸಾಲಿನಲ್ಲಿ ಕೂತಿತು. ಎಡ, ಬಲ, ಎಡ. ಬಲಗೈ ತಾನಾಗಿ ಮುಂದೆ ಬಂದು ಮುಷ್ಟಿ ಕಟ್ಟಿತು, ಬೆರಳು ಆಡತೊಡಗಿದವು. ಅದು ಕಾಯಿಲೆಯ ನಡುಕವೋ, ಬೀಜ ಬಿಡುವ ಬೆರಳೋ ನನಗೆ ಗೊತ್ತಾಗಲಿಲ್ಲ. ಮಗಳು ಮೊಬೈಲ್ ಕೆಳಗಿಳಿಸಿದಳು.

ಪವಾಡವೆಂದು ಯಾರೂ ತಿಳಿಯಬೇಡಿ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕಾಯಿಲೆ ಎಲ್ಲಿಗೂ ಹೋಗಲಿಲ್ಲ. ಮರುದಿನ ಅಡುಗೆಮನೆಯ ಬಾಗಿಲಲ್ಲಿ ಕಾಲು ಮತ್ತೆ ಅಂಟಿತಂತೆ. ಡಾಕ್ಟರನ್ನು ಕೇಳಿದರೆ, ಕೆಲವರಿಗೆ ಕಣ್ಣಮುಂದೆ ಗೆರೆಯಿದ್ದರೆ ಹೆಜ್ಜೆ ಏಳುತ್ತದೆ, ಅಂಥದ್ದು ಉಂಟು ಎಂದರು. ಭಾವ ಮನೆಯ ತುಂಬ ಹಳದಿ ಟೇಪಿನ ಜೋಡಿಗೆರೆ ಅಂಟಿಸಿದರು, ಮಂಚದಿಂದ ಅಡುಗೆಮನೆಗೆ, ಅಲ್ಲಿಂದ ಲಿಫ್ಟಿಗೆ. ಟಿಕೆಟ್ ರದ್ದಾಯಿತು, ವೈನಿ ದಾರ್ಸೈಟ್‌ನಲ್ಲೇ ಇದ್ದಾರೆ. ಕೆಲವು ದಿನ ನಡೆಯುತ್ತಾರೆ, ಕೆಲವು ದಿನ ಇಲ್ಲ. ಇದೆಲ್ಲ ಆಮೇಲಿನ ಮಾತು.

ಅವತ್ತು ನಾನು ವೈನಿಯ ಹಿಂದೆಯೇ, ಬಿದ್ದರೆ ಹಿಡಿಯೋಣವೆಂದು ಕೈ ಚಾಚಿಕೊಂಡು ಹೋಗುತ್ತಿದ್ದೆ. ನಡುಬೀದಿಯಲ್ಲಿ ಬಿದ್ದಿದ್ದ ಭಾವ ಬಾಯಿ ತೆರೆದು ನೋಡುತ್ತಿದ್ದರು. ವೈನಿ ಅವರ ಪಕ್ಕಕ್ಕೆ ಬಂದರು, ನಿಲ್ಲಲಿಲ್ಲ.

"ಸರೀರಿ, ಸಾಲ ಕೆಡಸಬ್ಯಾಡ್ರಿ," ಎಂದು ದಾಟಿ ಹೋದರು.

ನಾನು ಭಾವನನ್ನು ಏಳಿಸಲು ನಿಂತೆ. ಇದು ನಿಮಗೆ ಮೊದಲೇ ಗೊತ್ತಿತ್ತೇ, ಇದಕ್ಕೇ ಸಾಲು ಹೊಡೆಸಿದಿರೇ ಎಂದು ಕೇಳಿದೆ. ತನಗೇನೂ ಗೊತ್ತಿರಲಿಲ್ಲ ಎಂದರು. ಒಂದು ಕಾಲಿನ ಹಲಗೆ ಬಿಚ್ಚುತ್ತ, ನನ್ನ ಮುಖ ನೋಡದೆ, ಮೆಲ್ಲಗೆ ಹೇಳಿದರು.

"ಆ ಕಡೀ ಮನಿ ನಮ್ದು. ಪಾಳಿ ಮುಗಿಸಿ ಬರೂ ಹೊತ್ತಿಗೆ ಅಕಿ ಬಾಗಲದಾಗ ನಿಂತಿರ್ತಿದ್ಲು. ಊರಿಗೆ ಹೋಗೂಕಿಂತ ಮೊದ್ಲ ಅಕಿನ್ನ ಅಲ್ಲಿ ಕೂಡಿಸಿ, ನಾ ಗೇಟಿನಿಂದ ಒಮ್ಮೆ ಹಂಗ ಬರಬೇಕಂತಿತ್ತು. ನೀ ಇಲ್ಲೇ ಕೂಡಿಸಿಬಿಟ್ಟಿ."

ಮರಳಿನಲ್ಲಿ ಬಿದ್ದಿದ್ದ ಅವರ ಕೋಲುಗಳನ್ನು ನಾನು ಆಯ್ದುಕೊಂಡೆ.

ವೈನಿ ಕೊನೆಯ ಮನೆಯನ್ನು ಮುಟ್ಟಿದ್ದರು. ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಆ ಕಾಯಿಲೆಯವರಿಗೆ ನಡೆಯುವುದಕ್ಕಿಂತ ತಿರುಗುವುದು ಕಷ್ಟ. ಪುಟ್ಟ ಪುಟ್ಟ ಹೆಜ್ಜೆಯಿಟ್ಟು, ಚೌಕಟ್ಟಿಗೆ ಆತು, ಬಹಳ ಹೊತ್ತು ತೆಗೆದುಕೊಂಡು ನಮ್ಮ ಕಡೆ ತಿರುಗಿದರು. ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತರು. ಹಿಂದೆ ಮಾಡು ಹಾರಿಹೋದ ಮನೆ, ಒಲೆಯಿಲ್ಲ, ಒಳಗೆಲ್ಲ ಮರಳು.

"ಚಾ ಆರಾಕತ್ತೈತಿ," ಎಂದರು. "ಲಗೂ ಬರ್ರಿ."

ಭಾವ ಇನ್ನೊಂದು ಹಲಗೆಯನ್ನು ಬಿಚ್ಚಲಿಲ್ಲ. ಒಂದು ಕಾಲಿಗೆ ಹಲಗೆ, ಒಂದು ಬರಿಗಾಲು, ಹಾಗೇ ಎದ್ದು ಓಡಿದರು.